ಹೊಳೆದಂಡೆಯ ನಾಕಾದಲ್ಲಿ ಒಂದು ಹೆಸರಿನ ಪಟ್ಟಿ

ಕಂಪ್ಲಿಯಿಂದ ಹರಿಗೋಲಿನಲ್ಲಿ ಹೊಳೆ ದಾಟಿ ಗಂಗಾವತಿ ಕಡೆಯ ದಂಡೆಗೆ ಇಳಿದರೆ ಎದುರಿಗೇ ನಿಜಾಮ್ ಸರ್ಕಾರದ ಸುಂಕದ ನಾಕಾ. ಅಲ್ಲಿಯ ಅಮೀನ ಸಾಹೇಬರು ನನ್ನ ಚೀಲದ ಅವಲಕ್ಕಿಯನ್ನೂ ಬಿಡದೆ ಕೆದಕಿದರು. ಅದರಲ್ಲಿ ಯಾವ ಬಂಡಾಯ ಅಡಗಿತ್ತೋ! ಕೊನೆಗೆ ಒಂದು ಇಂಗ್ಲಿಷ್ ಪುಸ್ತಕ ಹೊರಬಂತು. ಈ ಸೀಮೆಯ ಕೋಟೆ, ಕೆರೆಗಳ ಚರಿತ್ರೆ. ಬಳ್ಳಾರಿಯ ಸಣ್ಣ ಪ್ರಕಾಶಕರೊಬ್ಬರು ಅಚ್ಚು ಹಾಕಿಸಿದ್ದು.

ಅಮೀನರಿಗೆ ಇಂಗ್ಲಿಷ್ ಬಾರದು. ಬಲದಿಂದ ಎಡಕ್ಕೆ ಉರ್ದು ಓದಿ ಬೆಳೆದ ಕೈ ಪುಸ್ತಕವನ್ನು ಹಿಂದಿನಿಂದ ತೆರೆಯಿತು.

"ಇದೇನ್ರಿ, ಸಾಲಾಗಿ ಪಟ್ಟಿ ಐತಿ?"

"ಅಚ್ಚಾಗೂದಕ್ಕಿಂತ ಮೊದಲ ಪುಸ್ತಕ ಬೇಕಂತ ಹೆಸರು ಕೊಟ್ಟವರ್ರಿ."

"ಪುಸ್ತಕ ನೋಡದ ಹೆಸರು ಕೊಟ್ಟಾರ?" ಅವರ ಹುಬ್ಬು ಮೇಲೇರಿತು. "ಒಂದೊಂದ ಓದ್ರಿ. ನಾ ಬರಕೋತೀನಿ."

ಓದಿದೆ. ಕೊಪ್ಪಳದ ವಕೀಲರು, ಯಲಬುರ್ಗಿಯ ಮಾಸ್ತರರು, ಗಂಗಾವತಿಯ ಅಕ್ಕಿ ವ್ಯಾಪಾರಿ, ಎಲ್ಲರೂ ಆ ಉರ್ದು ಸಾಲುಗಳಲ್ಲಿ ಆರೋಪಿಗಳಾಗುತ್ತ ಹೋದರು. ಅಷ್ಟರಲ್ಲಿ ನಿಜಾಮ್ ಸರ್ಕಾರದವರೇ ಆದ ಕುಷ್ಟಗಿಯ ತಹಸೀಲ್ದಾರರ ಹೆಸರೇ ಕಣ್ಣಿಗೆ ಬಿತ್ತು. ಬದುಕಿದೆ ಎಂದುಕೊಂಡು ಅದನ್ನು ಹುದ್ದೆಯ ಸಮೇತ ಗಟ್ಟಿಯಾಗಿ ಓದಿದೆ.

ಅಮೀನರ ಲೇಖನಿ ನಿಂತಿತು. ಎದ್ದು ಹೋಗಿ ಬಾಗಿಲು ಮುಂದೆ ಮಾಡಿದರು. ಬೇರೊಂದು ಹಾಳೆ ತೆಗೆದು ಆ ಹೆಸರೊಂದನ್ನೇ ನಿಧಾನವಾಗಿ ಬರೆದುಕೊಂಡರು. ಆಮೇಲೆ ನನ್ನ ಕಿವಿಯ ಹತ್ತಿರ ಬಾಗಿ ಕೇಳಿದರು:

"ಸಾಹೇಬರು ಇದರಾಗ ಯಾವಾಗಿನಿಂದ ಅದಾರ್ರಿ?"