ಎರಡು ಬೆರಳು ಮಡಚಿಕೊಂಡು

ಮಾನ್ಯ ಓದುಗರ ಅವಗಾಹನೆಗೆ ಮೊದಲೇ ತರಬೇಕಾದ ಸಂಗತಿಯೊಂದಿದೆ. ನನಗೆ ಬರೆದು ಅಭ್ಯಾಸವಿರುವುದು ಅರ್ಜಿ ಮತ್ತು ಮನವಿಗಳನ್ನು ಮಾತ್ರ; ಊರಿನಲ್ಲಿ ಕನ್ನಡದಲ್ಲಿ, ಇಲ್ಲಿ ಜರ್ಮನ್ ಭಾಷೆಯಲ್ಲಿ. ಆದ್ದರಿಂದ ಈ ಬರಹವೂ ಅದೇ ಧಾಟಿಯಲ್ಲಿ ಸಾಗಿದರೆ ಮನ್ನಿಸಬೇಕೆಂದು ಕೋರುತ್ತೇನೆ. ಇದು ಇಂಗೋಲ್‌ಸ್ಟಾಟ್‌ನಲ್ಲಿ ನಮ್ಮ ಮನೆಯಿಂದ ಸ್ವಲ್ಪವೇ ದೂರದಲ್ಲಿ ವಾಸವಾಗಿದ್ದ ಬ್ರಿಟಿಷ್ ವಾದ್ಯಗಾರರೊಬ್ಬರಿಗೆ ಸಂಬಂಧಿಸಿದ್ದು. ಅವರ ಹೆಸರನ್ನು ನಮೂದಿಸಿಲ್ಲ. ಅವರು ನುಡಿಸಿದ ಬಹುಪಾಲು ರೆಕಾರ್ಡುಗಳ ಮೇಲೂ ಅದು ನಮೂದಾಗಿಲ್ಲವಾದ್ದರಿಂದ, ಇದು ಹೊಸ ಅನ್ಯಾಯವಾಗಲಾರದೆಂದು ನಂಬಿದ್ದೇನೆ. ಅವರ ಇಂಗ್ಲಿಷ್ ಮಾತುಗಳನ್ನು ನಮ್ಮ ಉಡುಪಿ ಕಡೆಯ ಕನ್ನಡದಲ್ಲೇ ಕೊಟ್ಟಿದ್ದೇನೆ. ನನ್ನ ಕಿವಿಯಲ್ಲಿ ಅವು ಉಳಿದಿರುವುದು ಹಾಗೆಯೇ.

ಅವರ ವೃತ್ತಿಯ ಬಗ್ಗೆ ಕೆಲವು ಮಾತು ಅಗತ್ಯ. ಸೆಷನ್ ವಾದ್ಯಗಾರನೆಂದರೆ ಯಾವ ತಂಡಕ್ಕೂ ಸೇರದವನು. ಸ್ಟುಡಿಯೋದಿಂದ ಕರೆ ಬಂದಾಗ ಹೋಗಿ, ಇನ್ನೊಬ್ಬರ ಹಾಡಿಗೆ ಬೇಕಾದಷ್ಟನ್ನು ನುಡಿಸಿ, ವಾದ್ಯವನ್ನು ಪೆಟ್ಟಿಗೆಗೆ ಹಾಕಿಕೊಂಡು ಹೊರಟುಬಿಡುವವನು. ಇವರು ಮೀಸೆ ಚಿಗುರುವ ವಯಸ್ಸಿಗೇ ಲಂಡನ್ನಿನಲ್ಲಿ ಆ ಕೆಲಸಕ್ಕೆ ಸೇರಿದ್ದರು. ಬೆಳಿಗ್ಗೆ ರಾಕ್ ಹಾಡಿಗೆ ಗಿಟಾರ್, ಮಧ್ಯಾಹ್ನ ಬಿಸ್ಕತ್ತಿನ ಜಾಹೀರಾತಿಗೆ ಮ್ಯಾಂಡೊಲಿನ್, ಸಂಜೆ ಬ್ಲೂಸ್ ಗಾಯಕನ ಹಿಂದೆ ಮೌತ್ ಆರ್ಗನ್. ಪ್ರವಾಸವೊಂದರಲ್ಲಿ ಜರ್ಮನಿಗೆ ಬಂದು, ಇಲ್ಲಿಯವರನ್ನೇ ಮದುವೆಯಾಗಿ, ಮದುವೆ ಮುರಿದ ಮೇಲೂ ಇಲ್ಲಿಯೇ ಉಳಿದರು. ಒಮ್ಮೆ ಸೂಪರ್‌ಮಾರ್ಕೆಟ್ಟಿನಲ್ಲಿ ಅವರೂ ನಾನೂ ಠೇವಣಿಯ ಹಣಕ್ಕಾಗಿ ಖಾಲಿ ಬಾಟಲಿಗಳನ್ನು ಯಂತ್ರಕ್ಕೆ ಹಿಂದಿರುಗಿಸುತ್ತಿದ್ದಾಗ ಮೇಲಿನ ಸ್ಪೀಕರಿನಲ್ಲಿ ಹಳೆಯ ಹಾಡೊಂದು ಬಂತು. ಅವರು ಬಾಟಲಿಯನ್ನು ಕೈಯಲ್ಲೇ ಹಿಡಿದು ನಿಂತರು.

“ಈ ಗಿಟಾರ್ ನಂದು,” ಎಂದರು.

“ಹಾಡ್ತಾ ಇರುವುದು ಯಾರು?”

“ಯಾರಿಗೆ ಗೊತ್ತು? ನಾನು ಹೊರಡುವಾಗ ಅವ ಇನ್ನೂ ಬಂದಿರ್ಲಿಲ್ಲ.”

ಸಾಲಿನಲ್ಲಿ ಹಿಂದಿದ್ದವರು ಗಂಟಲು ಸರಿಮಾಡಿಕೊಂಡರು. ಅವರು ಬಾಟಲಿಯನ್ನು ಯಂತ್ರದೊಳಗೆ ತಳ್ಳಿದರು.

ನಮ್ಮ ಪರಿಚಯವಾದದ್ದು ಚರ್ಚಿನಲ್ಲಿ. ನಾನು ವಾರವೆಲ್ಲ ಕಾರಿನ ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸದವಳು. ತಿಂಗಳಿಗೊಮ್ಮೆ ಇಲ್ಲಿನ ಇಂಗ್ಲಿಷ್ ಆರಾಧನೆಗೆ ಆರ್ಗನ್ ನುಡಿಸುತ್ತೇನೆ. ಉಡುಪಿಯಲ್ಲಿ ನಾವು ದೇವಾಲಯವೆಂದೇ ಕರೆಯುವ ನಮ್ಮ ಚರ್ಚಿನಲ್ಲಿ ಜರ್ಮನ್ ಮಿಷನರಿಗಳು ಬಿಟ್ಟುಹೋದ ರಾಗಗಳಿಗೆ ಕನ್ನಡದ ಪದಗಳನ್ನು ಹಾಡುವ ವಾಡಿಕೆ. ಅಲ್ಲಿ ಕಾಲಿನಿಂದ ತುಳಿಯುವ ಹಾರ್ಮೋನಿಯಮ್ಮಿನ ಮುಂದೆ ಕುಳಿತವರಿಗೆ ಯಾರೂ ಬರೆದಿಡದ ಕರ್ತವ್ಯವೊಂದಿದೆ. ಹಿರಿಯರ ಧ್ವನಿ ಮೇಲಿನ ಸ್ವರಕ್ಕೆ ಏರದಿದ್ದರೆ, ಮುಂದಿನ ಚರಣ ಆರಂಭವಾಗುವಷ್ಟರಲ್ಲಿ, ಯಾರ ಗಮನಕ್ಕೂ ಬಾರದಂತೆ ಶ್ರುತಿಯನ್ನು ಇಳಿಸಿಬಿಡಬೇಕು. ಆ ಭಾನುವಾರ ಇಲ್ಲಿಯೂ ಹಾಗೆಯೇ ಇಳಿಸಿದೆ. ಚರ್ಚಿನ ನೆಲಮಾಳಿಗೆಯಲ್ಲಿ ತಾಲೀಮಿಗೆ ಕೋಣೆ ಹಿಡಿದಿದ್ದ ಅವರು, ಆರಾಧನೆ ಮುಗಿಯುವುದನ್ನು ಕಾಯುತ್ತ ಹಿಂದಿನ ಬೆಂಚಿನಲ್ಲಿದ್ದರು.

“ಆರ್ಗನಿಸ್ಟ್ ಮೇಡಂ, ಮೂರನೇ ಚರಣದಲ್ಲಿ ನೀವು ಕಳ್ಳತನ ಮಾಡಿದ್ರಿ.”

ನಾನು ಗಾಬರಿಯಾದೆ. “ಯಾರಿಗಾದರೂ ತೊಂದರೆ ಆಯ್ತಾ?”

“ಯಾರಿಗೂ ಗೊತ್ತೇ ಆಗ್ಲಿಲ್ಲ. ಅದಕ್ಕೇ ಕೇಳಿದ್ದು. ಎಲ್ಲಿ ಕಲಿತದ್ದು ಈ ಕಸುಬು?”

ಅಂದಿನಿಂದ ಶನಿವಾರಗಳಲ್ಲಿ ನೆಲಮಾಳಿಗೆಗೆ ಹೋಗತೊಡಗಿದೆ. ಅವರು ಮೌತ್ ಆರ್ಗನ್ ನುಡಿಸಿದರೆ ನಾನು ಕೀಬೋರ್ಡು, ಅವರು ಎಡಗೈ ಗೋಡೆಯ ಕಡೆಗೆ ಬರುವಂತೆ ಕೀಬೋರ್ಡಿಗೆ ಕುಳಿತರೆ ನಾನು ಕೇಳುವವಳು. ನುಡಿಸದಿರುವಾಗ ಎಡಗೈಯನ್ನು ಅವರು ಸದಾ ಕೋಟಿನ ಜೇಬಿನಲ್ಲಿಟ್ಟುಕೊಳ್ಳುವುದು ಚಳಿಯ ಕಾರಣಕ್ಕೆಂದು ಬಹಳ ಕಾಲ ಭಾವಿಸಿದ್ದೆ. ಒಂದು ದಿನ ಕೀಬೋರ್ಡಿನ ಕೆಳಗಿನ ತಂತಿ ಸಿಕ್ಕಿಸಲು ಬಗ್ಗಿದವಳಿಗೆ ಆ ಕೈ ಕಣ್ಣಿನ ಸಮಕ್ಕೇ ಕಂಡಿತು. ಕಿರುಬೆರಳು ಮತ್ತು ಉಂಗುರದ ಬೆರಳು ಅಂಗೈಯೊಳಕ್ಕೆ ಮಡಚಿಕೊಂಡಿದ್ದವು. ಚರ್ಮದಡಿಯಲ್ಲಿ ಹುರಿಯಂಥದೊಂದು ಬಿಗಿದು ನಿಂತಿತ್ತು. ನೋವಿಲ್ಲವಂತೆ. ಅವರ ತಂದೆಗೂ ಇತ್ತಂತೆ. ವೈದ್ಯರು ಬಿಡಿಸಿದರೆ ಕೆಲವು ವರ್ಷ ಬಿಚ್ಚಿಕೊಂಡಿದ್ದು ಮತ್ತೆ ಮಡಚಿಕೊಳ್ಳುವುದು ಆ ಕಾಯಿಲೆಯ ಸ್ವಭಾವ.

“ಪೇಪರಿನವರು ನನ್ನನ್ನು ಬಹುಮುಖ ಪ್ರತಿಭೆ ಅಂತ ಬರೆದರು,” ಎಂದರು ಅವರು, ನಾನು ನೋಡಿದ್ದನ್ನು ನೋಡಿ. “ಕಿರುಬೆರಳು ಹೋದಾಗ ಗಿಟಾರ್ ಬಿಟ್ಟು ಬೇಸ್ ಹಿಡಿದೆ. ಅದರ ಪಕ್ಕದ್ದು ಹೋದಾಗ ಬೇಸ್ ಬಿಟ್ಟು ಆರ್ಗನ್. ಪ್ರತಿಭೆಯೂ ಇಲ್ಲ, ಎಂತದೂ ಇಲ್ಲ. ಒಂದು ಮನೆಯಿಂದ ಎಬ್ಬಿಸಿದರು, ಇನ್ನೊಂದಕ್ಕೆ ಹೋದೆ.”

“ಆರ್ಗನ್ ಆದ ಮೇಲೆ?”

“ಆಮೇಲೆ ಬೀದಿ.”

ಆಗ ಅವರ ಕೈಯಲ್ಲಿದ್ದ ಕೆಲಸ ಒಂದೇ: ಪ್ರತಿ ಚಳಿಗಾಲ ಜರ್ಮನಿಯ ಸಣ್ಣ ಊರುಗಳನ್ನು ಸುತ್ತುವ ಬ್ಲೂಸ್ ತಂಡವೊಂದರಲ್ಲಿ ಆರ್ಗನ್ನಿನ ಕುರ್ಚಿ. ತಂಡದ ಮುಖ್ಯಸ್ಥರು ಡ್ರಮ್ಸ್ ನುಡಿಸುವ ಜರ್ಮನ್. ಅವರಿಗೆ ಬೆರಳುಗಳ ವಿಷಯ ತಿಳಿದಿರಲಿಲ್ಲ. ಇವರು ಎಡಗೈ ಗೋಡೆಯ ಕಡೆಗೆ ಬರುವಂತೆ ಆರ್ಗನ್ ಇಡಿಸಿಕೊಳ್ಳುತ್ತಿದ್ದರು ಮತ್ತು ಹೆಬ್ಬೆರಳು ಸೇರಿ ಮೂರು ಬೆರಳಿಗೆ ಎಟುಕುವಂತೆ ತಮ್ಮ ಭಾಗವನ್ನೆಲ್ಲ ಹೊಂದಿಸಿಕೊಂಡಿದ್ದರು. ಆ ಕುರ್ಚಿ ಉಳಿಸಿಕೊಳ್ಳುವುದೊಂದೇ ಅವರಿಗೆ ಬೇಕಾಗಿದ್ದುದು. ಆದರೆ ಆ ವರ್ಷ ನಡುಬೆರಳೂ ಬಾಗತೊಡಗಿತು. ಎರ್ಲಾಂಗೆನ್‌ನ ಶಸ್ತ್ರವೈದ್ಯರು ಕೊಟ್ಟ ಟರ್ಮಿನ್, ಅಂದರೆ ಶಸ್ತ್ರಚಿಕಿತ್ಸೆಗೆ ಗೊತ್ತುಮಾಡಿದ ದಿನ, ಪ್ರವಾಸದ ಮೊದಲ ವಾರಕ್ಕೇ ಬಂತು. ಮುಖ್ಯಸ್ಥರಿಗೆ ಬೆನ್ನುನೋವೆಂದು ತಿಳಿಸಿ, ಆ ವಾರದ ಸಂಗೀತ ಕಛೇರಿಗಳಿಗೆ ಬದಲಿಯಾಗಿ ನನ್ನನ್ನು ಕಳುಹಿಸಲು ತೀರ್ಮಾನಿಸಿದರು.

ಬದಲಿಗೆ ಹೋಗುವವರಿಗೆ ಈ ವೃತ್ತಿಯಲ್ಲಿ ಕಟ್ಟುನಿಟ್ಟಿನ ನಿಯಮಗಳಿವೆ. ಕುರ್ಚಿಯ ಒಡೆಯ ನುಡಿಸುವುದನ್ನೇ ನುಡಿಸಬೇಕು. ಅದಕ್ಕಿಂತ ಕೆಟ್ಟದಾಗಿಯೂ ಕೂಡದು, ಚೆನ್ನಾಗಿಯೂ ಕೂಡದು. ಮುಖ್ಯಸ್ಥರು ಫೋನ್ ನಂಬರ್ ಕೇಳಿದರೆ ಒಡೆಯನ ನಂಬರನ್ನೇ ಕೊಡಬೇಕು. ಇವುಗಳ ಮೇಲೆ ನನ್ನ ಪಾಲಿಗೆ ಇನ್ನೊಂದು ಸೇರಿತ್ತು. ನಾಲ್ಕು ಧ್ವನಿಯ ಭಕ್ತಿಗೀತೆಗಳಲ್ಲಿ ಬೆಳೆದ ನನ್ನ ಎಡಗೈ ಬಿಟ್ಟಲ್ಲೆಲ್ಲ ಸ್ವರ ತುಂಬುತ್ತಿತ್ತು. ತುಂಬಿದರೆ, ಇಷ್ಟು ದಿನ ಏನು ಖಾಲಿಯಿತ್ತೆಂಬುದು ತಂಡಕ್ಕೆ ಕೇಳಿಸಿಬಿಡುತ್ತದೆ. ಆದ್ದರಿಂದ ನಾನೂ ಆ ಎರಡು ಬೆರಳುಗಳನ್ನು ಅಂಗೈಗೆ ಮಡಚಿ, ಪ್ಲಾಸ್ಟರ್ ಅಂಟಿಸಿಕೊಂಡು ಮನೆಯಲ್ಲಿ ಅಭ್ಯಾಸಕ್ಕೆ ಕುಳಿತೆ.

“ಎಂತ ಮಾರಾಯ್ತಿ, ಕೈಗೆ ಎಂತ ಮಾಡಿಕೊಂಡೆ?” ಎಂದು ನನ್ನ ಯಜಮಾನರು ಅಡುಗೆಮನೆಯಿಂದ ಬಂದರು.

“ಏನೂ ಆಗಲಿಲ್ಲ. ಅವರ ಹಾಗೆ ನುಡಿಸ್ಲಿಕ್ಕೆ.”

“ಮರ್ಲಾ ನಿನಗೆ? ಜನ ಬೆರಳು ಬಿಡಿಸ್ಲಿಕ್ಕೆ ಡಾಕ್ಟ್ರ ಹತ್ರ ಹೋಗುದು. ನೀನು ಇದ್ದದ್ದನ್ನು ಕಟ್ಟಿ ಹಾಕುದಾ?” ಎಂದು ನಕ್ಕವರು, ಸ್ವಲ್ಪ ಹೊತ್ತು ಬಾಗಿಲಲ್ಲೇ ನಿಂತು ಕೇಳಿದರು. “ಆದ್ರೂ ಎಂತದೋ ಉಂಟು ಅದ್ರಲ್ಲಿ. ಮಾತಾಡ್ಲಿಕ್ಕೆ ಹೋಗಿ ಸುಮ್ಮನಾದ ಹಾಗೆ.”

ಮೊದಲ ಕಛೇರಿಯ ದಿನವೇ ಪ್ಲಾಸ್ಟರ್ ಬೇಕಾಗಲಿಲ್ಲ. ಬೆರಳುಗಳು ತಾವಾಗಿಯೇ ಒಳಗೆ ಹೋಗಿ ಕುಳಿತವು. ಅವರು ಎಲ್ಲಿ ತಡೆದು ನಿಲ್ಲುತ್ತಿದ್ದರೋ ಅಲ್ಲಿ ನಿಂತೆ. ಎಲ್ಲಿ ಬಿಟ್ಟುಬಿಡುತ್ತಿದ್ದರೋ ಅಲ್ಲಿ ಬಿಟ್ಟೆ. ಕೊನೆಯ ಸಂಜೆ, ತಂತಿಗಳನ್ನು ಸುತ್ತಿಡುವಾಗ, ಮುಖ್ಯಸ್ಥರು ಬಂದು ಕೈ ಕುಲುಕಿದರು.

“ಕಣ್ಣು ಮುಚ್ಚಿದ್ರೆ ಅವರೇ ಕೂತ ಹಾಗೆ ಇತ್ತು. ಒಂದು ಸ್ವರವೂ ಆಚೀಚೆ ಇಲ್ಲ. ನಿಮ್ಮ ನಂಬರ್ ಕೊಡಿ.”

“ಕ್ಷಮಿಸಬೇಕು, ಅವರ ನಂಬರಿಗೇ ಫೋನ್ ಮಾಡಿ,” ಎಂದೆ.

ನಿಯಮ ಪಾಲಿಸಿದ ಸಮಾಧಾನದಲ್ಲಿ ಮನೆಗೆ ಬಂದೆ. ಪ್ರಶಂಸೆಯಿಂದ ಸಂತೋಷವೂ ಆಗಿತ್ತೆಂಬುದನ್ನು ಮರೆಮಾಚುವುದಿಲ್ಲ.

ಮುಂದಿನ ವಾರ ಅವರು ನಮ್ಮ ಮನೆಗೆ ಬಂದರು. ಎಡಗೈ ಮೊಣಕೈಯವರೆಗೆ ಬ್ಯಾಂಡೇಜಿನಲ್ಲಿತ್ತು. ಯಜಮಾನರು ಬಂಗುಡೆ ಸಾರು ಬಡಿಸಿದರು. ಅವರು ಬಲಗೈಯಲ್ಲಿ ಚಮಚ ಹಿಡಿದು, ಅನ್ನವನ್ನು ಬಹಳ ಹೊತ್ತು ಕಲಸಿದರು.

“ಡ್ರಮ್ಸಿನವರ ಫೋನ್ ಬಂದಿತ್ತು,” ಎಂದರು. “ನೀವು ನುಡಿಸಿದ್ದು ಪೂರ್ತಿ ರೆಕಾರ್ಡ್ ಆಗಿದೆಯಂತೆ. ಪ್ರತಿ ಕಛೇರಿಯದ್ದೂ ಮಾಡಿಡ್ತಾರೆ ಅವರು. ಎರಡು ದಿನದ್ದನ್ನು ಒಂದರ ಮೇಲೊಂದು ಇಟ್ಟು ಕೇಳಿದರಂತೆ. ನಂದು ಹೋದ ವರ್ಷದ್ದೂ ಇಟ್ಟು ಕೇಳಿದರಂತೆ. ಎಲ್ಲ ಒಂದೇ.”

“ಹಾಗೇ ಅಲ್ಲವಾ ಬೇಕಿದ್ದದ್ದು?”

“ಹಾಗೇ ಬೇಕಿದ್ದದ್ದು.” ಅವರು ಚಮಚ ಕೆಳಗಿಟ್ಟರು. “ಇದು ಯಾವತ್ತೂ ಬದಲಾಗುದಿಲ್ಲ ಅಂತಾದ್ರೆ ಆರ್ಗನ್ ಹೊತ್ತುಕೊಂಡು ಯಾಕೆ ತಿರುಗಬೇಕು, ಲ್ಯಾಪ್‌ಟಾಪಿನಿಂದಲೇ ಬಿಡಬಹುದಲ್ಲ ಅಂತ ಕೇಳಿದರು. ವ್ಯಾನಿನಲ್ಲಿ ಜಾಗವೂ ಆಗ್ತದೆ. ನಿಮ್ಮ ರೆಕಾರ್ಡಿಂಗ್ ಸ್ವಚ್ಛ ಬಂದಿದೆಯಂತೆ. ನನ್ನದರಲ್ಲಿ ಕೆಮ್ಮು ಉಂಟು.”

ನನ್ನ ಯಜಮಾನರು ಸಾರಿನ ಸೌಟನ್ನು ಕೆಳಗಿಟ್ಟರು. “ಕೊಡುದೇ ಬೇಡ. ನುಡಿಸಿದ್ದು ಇವಳು, ಭಾಗ ನಿಮ್ಮದು. ಇಬ್ಬರೂ ಬೇಡ ಅಂದ್ರೆ ಅವ ಎಂತ ಮಾಡ್ತಾನೆ?”

“ಬೇರೆಯವರನ್ನು ಕರೀತಾನೆ. ಬಂದವ ಹತ್ತು ಬೆರಳಿನಲ್ಲಿ ನುಡಿಸ್ತಾನೆ. ಮೊದಲನೇ ಹಾಡಿಗೇ ಎಲ್ಲರಿಗೂ ಗೊತ್ತಾಗ್ತದೆ, ಇಷ್ಟು ವರ್ಷ ನಾನು ಎಂತೆಲ್ಲ ಬಿಟ್ಟು ನುಡಿಸ್ತಾ ಇದ್ದೆ ಅಂತ.” ನನ್ನ ಕಡೆ ತಿರುಗಿದರು. “ನಾನು ಹೂಂ ಅಂದು ಬಂದಿದ್ದೇನೆ. ನೀವೂ ಹೂಂ ಅನ್ನಿ, ಆರ್ಗನಿಸ್ಟ್ ಮೇಡಂ.”

“ಕುರ್ಚಿ?”

“ಕುರ್ಚಿ ಹೋಯ್ತು. ಮರ್ಯಾದೆ ಉಳೀತದೆ.”

“ನಾನು ಸ್ವಲ್ಪ ಕೆಟ್ಟದಾಗಿ ನುಡಿಸಿದ್ದರೆ ಅವರು ನಿಮ್ಮನ್ನೇ ಕಾಯುತ್ತಿದ್ದರು.”

“ಅದು ನಿಯಮದಲ್ಲಿ ಇಲ್ಲ,” ಎಂದು ಅವರು ಮತ್ತೆ ಚಮಚ ಎತ್ತಿಕೊಂಡರು. “ಸಾರು ಖಾರ ಉಂಟು. ಒಳ್ಳೇದುಂಟು.”

ನಾನು ಸಮ್ಮತಿಸಿದೆ. ಬೇರೆ ಉತ್ತರವೊಂದನ್ನು ಕಂಡುಕೊಳ್ಳಲು ಇಂದಿಗೂ ಸಾಧ್ಯವಾಗಿಲ್ಲವೆಂಬುದನ್ನು ದಾಖಲಿಸುತ್ತೇನೆ.

ಪ್ರವಾಸದ ಕೊನೆಗೆ ತಂಡ ಇಂಗೋಲ್‌ಸ್ಟಾಟ್‌ಗೂ ಬಂತು. ಹೋಗುವುದು ಬೇಡವೆಂದು ನಾನು ಹೇಳಿದರೂ ಅವರೇ ಟಿಕೆಟ್ ತಂದರು. ನಾವಿಬ್ಬರೂ ಕೊನೆಯ ಸಾಲಿನಲ್ಲಿ ಕುಳಿತೆವು. ವೇದಿಕೆಯ ಮೇಲೆ ಆರ್ಗನ್ ಇರಬೇಕಾದ ಜಾಗದಲ್ಲಿ ಒಂದು ಸ್ಟೂಲು, ಅದರ ಮೇಲೆ ನೀರಿನ ಬಾಟಲಿಗಳು. ದೀಪ ಆರಿತು. ಮೊದಲ ಹಾಡಿನಿಂದಲೇ ಆರ್ಗನ್ ಸ್ಪೀಕರುಗಳಿಂದ ಬಂತು. ಎಲ್ಲಿಯೂ ತಪ್ಪಲಿಲ್ಲ. ನನ್ನ ತೊಡೆಯ ಮೇಲೆ ನನ್ನ ಎಡಗೈ ಅದಾಗಿಯೇ ಮಡಚಿಕೊಂಡಿತ್ತು. ಪಕ್ಕದಲ್ಲಿ ಅವರ ಕೈಯಿತ್ತು. ಬ್ಯಾಂಡೇಜು ಬಿಚ್ಚಿಯಾಗಿತ್ತು. ನಡುಬೆರಳು ನೇರವಾಗಿತ್ತು, ಉಳಿದೆರಡನ್ನು ಬಿಡಿಸಲು ಆಗಲಿಲ್ಲವೆಂದು ವೈದ್ಯರು ಹೇಳಿದ್ದರಂತೆ.

ನಿಧಾನದ ಹಾಡೊಂದರ ನಡುವೆ ಉಳಿದವರು ನುಡಿಸುವುದನ್ನು ನಿಲ್ಲಿಸಿದರು, ಆರ್ಗನ್ ಒಂದೇ ಉಳಿಯಿತು. ಅದು ಬಹಳ ವರ್ಷಗಳಿಂದ ನನ್ನ ಪಕ್ಕದಲ್ಲಿದ್ದವರ ಜಾಗ. ಏರಿ, ಹೇಳಲು ಹೊರಟು, ತಡೆದು, ಇಳಿಯಿತು. ಸಭಾಂಗಣ ಚಪ್ಪಾಳೆ ತಟ್ಟಿತು. ಇಂಥ ಕಛೇರಿಗಳಲ್ಲಿ ಒಬ್ಬೊಬ್ಬರ ಸರದಿ ಮುಗಿದಾಗ ತಟ್ಟುವುದು, ನುಡಿಸಿದವರು ಎದ್ದು ತಲೆಬಾಗುವುದು ಪದ್ಧತಿ. ಮುಖ್ಯಸ್ಥರು ಡ್ರಮ್ಸಿನ ಹಿಂದೆ ಒಂದು ಕ್ಷಣ ತಡವರಿಸಿ, ಕೋಲನ್ನು ಬೇಸ್ ನುಡಿಸುವವರ ಕಡೆ ತೋರಿಸಿದರು. ಅವರು ಮುಜುಗರದಿಂದ ತಲೆಬಾಗಿಸಿದರು. ಅಷ್ಟರಲ್ಲಿ ನನ್ನ ಪಕ್ಕದ ಕುರ್ಚಿ ಕಿರುಗುಟ್ಟಿತು. ಇವರು ಅಭ್ಯಾಸಬಲದಿಂದ ಅರ್ಧ ಎದ್ದಿದ್ದರು. ಹಿಂದೆ ಯಾರೂ ಇರಲಿಲ್ಲವಾದ್ದರಿಂದ ಕಂಡವಳು ನಾನೊಬ್ಬಳೇ. ಎದ್ದುದಕ್ಕೆ ಕಾರಣ ಬೇಕಾಗಿತ್ತೆಂಬಂತೆ ಕೋಟನ್ನು ಎಳೆದು ಸರಿಮಾಡಿಕೊಂಡು ಕುಳಿತರು.

ಬಸ್ಸಿನಲ್ಲಿ ಅವರು ಕಿಟಕಿಯ ಕಡೆಗಿದ್ದರು.

“ಎರಡನೇ ಚರಣದಲ್ಲಿ ನೀವು ಅವಸರ ಮಾಡಿದ್ರಿ,” ಎಂದರು.

“ಇಲ್ಲ,” ಎಂದೆ.

ಒಂದು ನಿಲ್ದಾಣ ಕಳೆಯಿತು. ಇಬ್ಬರು ಇಳಿದರು, ಬಾಗಿಲು ಮುಚ್ಚಿತು.

“ಇಲ್ಲ,” ಎಂದು ಅವರೂ ಒಪ್ಪಿಕೊಂಡರು. “ಮಾಡ್ಲಿಲ್ಲ.” ಮತ್ತು ಎಡಗೈಯನ್ನು ಕೋಟಿನ ಜೇಬಿಗೆ ಹಾಕಿಕೊಂಡರು.