ಅಲ್ಲಿ ಇನ್ನೂ ಜುಲೈ ನಾಲ್ಕು

ಜುಲೈ ಐದರ ಬೆಳಿಗ್ಗೆ ಒಂಬತ್ತಕ್ಕೆ ಮೆಲ್ಬರ್ನ್‌ನ ನಮ್ಮ ಆಫೀಸಿನಲ್ಲಿ, ನನ್ನ ಕೈಕೆಳಗೆ ಹೊಸದಾಗಿ ಸೇರಿದ್ದ ಮೈಸೂರಿನ ಹುಡುಗಿ ಅಮೆರಿಕದ ಅಂಗಡಿಗಳ ಬಿಲ್ಲಿಂಗ್ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿದಳು. ಅದು ನಿಂತೇಹೋಯಿತು. ಅದನ್ನು ಮತ್ತೆ ಹಳೆಯ ಆವೃತ್ತಿಗೆ ತರಲು ಅಮೆರಿಕದ ಕಚೇರಿಯವರ ಒಪ್ಪಿಗೆ ಬೇಕಿತ್ತು. ಯಾರೂ ಫೋನ್ ಎತ್ತಲಿಲ್ಲ.

“ಅವರ ಇಂಡಿಪೆಂಡೆನ್ಸ್ ಡೇ ನಿನ್ನೆನೇ ಮುಗೀತಲ್ಲ ಸರ್?” ಎಂದಳು.

ಆಗ ನನಗೆ ಹೊಳೆಯಿತು. “ನಮಗೆ ಮುಗೀತು ಕಣಮ್ಮ. ಅಲ್ಲಿ ಈಗ ನಾಲ್ಕನೇ ತಾರೀಖು ಸಂಜೆ. ಪಟಾಕಿ ಹೊಡೀತಿರ್ತಾರೆ.”

ಅವಳ ಮುಖ ಬಿಳಿಚಿಕೊಂಡಿತು. ಅವಳ ವೀಸಾ ಈ ಕೆಲಸದ ಮೇಲೆಯೇ ನಿಂತಿತ್ತು.

ಸಿಡ್ನಿಯಿಂದ ಮ್ಯಾನೇಜರ್ ಸ್ಪೀಕರ್‌ನಲ್ಲಿ ಗುಡುಗಿದರು: “ಯಾರ್ರೀ ಇವತ್ತಿಗೆ ಡೇಟ್ ಫಿಕ್ಸ್ ಮಾಡಿದ್ದು?”

ರಜೆ ನಾಲ್ಕಕ್ಕೆ, ಅಪ್‌ಡೇಟ್ ಐದಕ್ಕೆ ಮಾಡು ಎಂದು ಅವಳಿಗೆ ಹೇಳಿದ್ದವನು ನಾನು. ಮೂರು ಸೆಕೆಂಡ್ ಸುಮ್ಮನಿದ್ದೆ.

“ನಾನೇ ಸರ್,” ಎಂದೆ.

ಆ ಮೂರು ಸೆಕೆಂಡೂ ಅವಳು ನನ್ನನ್ನೇ ನೋಡುತ್ತಿದ್ದಳು.