ಚೌಡೇಶನ ರೇಷ್ಮೆ ಕಾವಲು

ನಮ್ಮ ಮೊಳಕಾಲ್ಮೂರಿನ ಚೌಡೇಶನಿಗೆ ಅಂಕುಡೊಂಕು ಕಂಡರೆ ಆಗದು. ಅನ್ನಕ್ಕೆ ಸಾರು ಹಾಕಿಕೊಳ್ಳುವಾಗಲೂ ಸುತ್ತ ಅಂಚು ಕಟ್ಟುವ ಮನುಷ್ಯ. ಮಗ್ಗದಲ್ಲಿ ರೇಷ್ಮೆ ಸೀರೆ ನೇಯುತ್ತಾನೆ; ನಮ್ಮ ನಾಟಕ ತಂಡದ ರಂಗಸಜ್ಜಿಕೆಯೂ ಅವನದೇ. ಅವನ ಹೆಂಡತಿ ಪುಷ್ಪಾ ನಮ್ಮ ಹಾಡುಗಾರ್ತಿ. ಅವಳು ಬಾಯಿ ತೆರೆದರೆ ಮನೆಗೆ ಹೊರಟವರೂ ಮತ್ತೆ ಕೂರುತ್ತಾರೆ.

ತೊಂದರೆಯೆಲ್ಲ ಹುಲ್ಲಿನದು. ನಾಟಕದಲ್ಲಿ ಕುರಿ ಕಾಯುವ ಹುಡುಗಿ ಕಾವಲಿನಲ್ಲಿ, ಅಂದರೆ ಊರಾಚೆಯ ಮೇವಿನ ಬಯಲಲ್ಲಿ, ಹುಲ್ಲಿನ ಮೇಲೆ ಮಲಗಿ ಹಾಡಬೇಕು. ಅದಕ್ಕೆ ನಾವು ಗಾಡಿಗಟ್ಟಲೆ ಒಣಹುಲ್ಲು ಹರಡುತ್ತಿದ್ದೆವು. ಆ ಧೂಳಿಗೆ ಪುಷ್ಪಾಗೆ ಉಬ್ಬಸ. ಕಳೆದ ವರ್ಷ ಹಾಡಿನ ನಡುವೆಯೇ ಉಸಿರು ಕಟ್ಟಿ, ಪರದೆ ಇಳಿಸಬೇಕಾಯಿತು. ಈ ಸಲ ಬಳ್ಳಾರಿಯಿಂದ ಬೇರೆ ಕಲಾವಿದೆಯನ್ನು ಕರೆಸೋಣ ಎಂದರು ತಂಡದ ಯಜಮಾನ ಬೋರಯ್ಯ. ಪುಷ್ಪಾ ಮನೆಯಲ್ಲಿ ಮಗ್ಗದ ಪಕ್ಕ ಕೂತು ಹಾಡುವುದನ್ನೂ ಬಿಟ್ಟಳು. ಚೌಡೇಶನಿಗೆ ಅದನ್ನು ತಡೆಯಲಾಗಲಿಲ್ಲ. ಧೂಳಿಲ್ಲದ ಕಾವಲು ತಾನು ಮಾಡಿಕೊಡುತ್ತೇನೆ, ಹಾಡುವುದು ಅವಳೇ ಎಂದು ಹಠ ಹಿಡಿದ.

ಮೊದಲು ಪ್ಲಾಸ್ಟಿಕ್ ಸೀಳಿ ಹುಲ್ಲು ಮಾಡಿದ. ಹೊರಳಿದರೆ ಹಾಡಿಗಿಂತ ಅದರ ಪರಪರವೇ ಜೋರು. ಆಮೇಲೆ ಕೇರಿಯ ಮಗ್ಗಗಳಡಿ ಬಿದ್ದ ರೇಷ್ಮೆ ಎಳೆಯ ತುಂಡುಗಳನ್ನು ಕೂಡಿಸಿ, ತೊಳೆದು, ಬಣ್ಣ ಹಾಕಿ, ದಪ್ಪ ಬಟ್ಟೆಗೆ ಗಂಟುಗಂಟಾಗಿ ಕಟ್ಟಿದ. ಧೂಳಿಲ್ಲ, ಸದ್ದಿಲ್ಲ, ಬೀಡಿಯ ಕಿಡಿ ಬಿದ್ದರೆ ಒಣಹುಲ್ಲಿನ ಹಾಗೆ ಭಗ್ಗೆನ್ನುವುದೂ ಇಲ್ಲ. ಆಟ ಮುಗಿದ ಮೇಲೆ ಕಸ ಗುಡಿಸುವ ಬದಲು ಸುರುಳಿ ಸುತ್ತಿಟ್ಟರಾಯಿತು.

ಅದನ್ನು ಹಾಸಿ ತೋರಿಸಿದ ದಿನ ನಾವು ಬಿದ್ದು ಬಿದ್ದು ನಕ್ಕೆವು. ಹುಟ್ಟುಗುಣ ಸುಟ್ಟರೂ ಹೋಗದು ನೋಡಿ. ಹುಲ್ಲೆಲ್ಲ ಒಂದೇ ಎತ್ತರ, ಸಾಲು ಸಾಲು. ಸುತ್ತ ಕಡುಹಸಿರು ಅಂಚು, ತುದಿಗೊಂದು ಸೆರಗು ಬೇರೆ.

“ಲೇ ಚೌಡೇಶ, ಇದನ್ನ ಕುರಿಗಳು ಮೇಯ್ತಾವೋ, ಉಟ್ಕೋತಾವೋ?” ಎಂದರು ಬೋರಯ್ಯ.

ಚೌಡೇಶನ ಮುಖ ಬಾಡಿತು. ಪುಷ್ಪಾ ಮಾತ್ರ ನಗಲಿಲ್ಲ. ಮರುದಿನ ಅವನನ್ನು ಬಸ್ಸಿನಲ್ಲಿ ದೊಡ್ಡಉಳ್ಳಾರ್ತಿ ಕಾವಲಿಗೆ ಕರೆದುಕೊಂಡು ಹೋದಳು. ಗಾಳಿ ಬೀಸಿದತ್ತ ಬಾಗಿದ ಹುಲ್ಲು, ಕುರಿ ಮಲಗಿದ್ದಲ್ಲಿ ಬೋಳು, ಕಲ್ಲಿನ ಬುಡದಲ್ಲಿ ಮೊಣಕಾಲೆತ್ತರ.

“ನೋಡ್ರಿ, ಒಂದಾದ್ರೂ ನೆಟ್ಟಗೈತಾ?” ಎಂದಳು.

ಮನೆಗೆ ಬಂದು ಕತ್ತರಿ ಕೈಗಿತ್ತಳು. ತಾನೇ ಕಟ್ಟಿದ್ದಕ್ಕೆ ಕತ್ತರಿ ಹಾಕುವುದೆಂದರೆ ನೇಕಾರನ ಕರುಳು ಚುರುಕ್ಕೆನ್ನುತ್ತದೆ. ಮೊದಮೊದಲು ಒಂದೊಂದೇ ಎಳೆಯನ್ನು ಅಳೆದು ಕತ್ತರಿಸಿದ. ಆಮೇಲೆ ಹುರುಪು ಬಂದು ಸೆರಗನ್ನೂ ಬಿಡದೆ ಕೆಡಿಸಿದ.

ಆಟದ ದಿನ ಅವನು ಪರದೆಯ ಹಗ್ಗ ಹಿಡಿದೇ ನಿಂತಿದ್ದ. ಒಂದು ಕೆಮ್ಮು ಕೇಳಿದರೂ ಇಳಿಸಲು ತಯಾರು. ಪುಷ್ಪಾ ಹುಲ್ಲಿಗೆ ಕೆನ್ನೆಯಿಟ್ಟು ಮಲಗಿ, ತುಂಬ ಉಸಿರೆಳೆದುಕೊಂಡು ಹಾಡಿದಳು. ಪೂರ್ತಿ ಹಾಡಿದಳು. ಜನ ವನ್ಸ್ ಮೋರ್ ಎಂದರು, ಮತ್ತೊಮ್ಮೆ ಹಾಡಿದಳು. ನಮಗೆಲ್ಲ ಕಣ್ಣು ತುಂಬಿ ಬಂತು. ಸಾಕು, ಪರದೆ ಬಿಡು ಎಂದು ಬೋರಯ್ಯ ಸನ್ನೆ ಮಾಡಿದರು.

ಚೌಡೇಶ ಹಗ್ಗವನ್ನು ಗೂಟಕ್ಕೆ ಬಿಗಿದು ಕಟ್ಟಿ, ಪಕ್ಕದಿಂದಲೇ ಕೂಗಿದ: “ವನ್ಸ್ ಮೋರ್!”